ನೆಲದ ಒಳಗನ್ನು ಕಿವಿಯಿಂದ ನೋಡುವ ವಿದ್ಯೆ

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಾವು ಬೆರಳಿನಿಂದ ತಟ್ಟಿ ನೋಡುತ್ತೇವೆ. ಕಣ್ಣಿಗೆ ಕಾಣದ ಬಿರುಕನ್ನು ಕಿವಿ ಹಿಡಿದುಬಿಡುತ್ತದೆ. ಭೂಮಿಯನ್ನೇ ಹೀಗೆ ತಟ್ಟಿ, ಎರಡು ಮೂರು ಮೈಲಿ ಆಳದಲ್ಲಿ ಏನಿದೆಯೆಂದು ತಿಳಿಯುವ ವಿದ್ಯೆಯ ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಇದು ವಿಜ್ಞಾನಿಗಳ ವಿಷಯ, ನಮಗೇಕೆ ಎಂದು ಯಾರೂ ಎದ್ದುಹೋಗಬಾರದು. ನಮ್ಮ ದೇಶಕ್ಕೆ ಬೇಕಾಗುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಭಾಗ ಹೊರಗಿನಿಂದ ಬರುತ್ತದೆ. ಡೀಸೆಲ್ ಏರಿದರೆ ಲಾರಿ ಬಾಡಿಗೆ ಏರುತ್ತದೆ, ಅಂಗಡಿಯಲ್ಲಿ ಬೇಳೆಯ ದರ ಏರುತ್ತದೆ. ಗಿರಣಿಯವನ ಪಗಾರ ಮಾತ್ರ ಇದ್ದಲ್ಲೇ ಇರುತ್ತದೆ. ಸರ್ಕಾರಿ ಸಂಸ್ಥೆ ಕೊರೆದ ಬಾವಿ ಬರಿದಾದರೆ ಆ ಖರ್ಚೂ ಕೊನೆಗೆ ನಮ್ಮ ಲೆಕ್ಕಕ್ಕೇ ಬೀಳುತ್ತದೆ.

ಕೆಲಸದ ಕ್ರಮ ಹೀಗಿದೆ. ನೆಲದಲ್ಲಿ ತೂತು ಕೊರೆದು ಮದ್ದು ಸಿಡಿಸುತ್ತಾರೆ. ಇಲ್ಲವೆ ಭಾರಿ ವಾಹನವೊಂದು ತನ್ನ ಹೊಟ್ಟೆಯ ಕೆಳಗಿನ ಹಲಗೆಯನ್ನು ನೆಲಕ್ಕೊತ್ತಿ ನಡುಗಿಸುತ್ತದೆ. ಆ ನಡುಕ ಒಳಗೆ ಇಳಿದು, ಒಂದು ಪದರು ಮುಗಿದು ಇನ್ನೊಂದು ಬಗೆಯ ಕಲ್ಲು ಸಿಕ್ಕಲ್ಲೆಲ್ಲ ಸ್ವಲ್ಪ ಸ್ವಲ್ಪ ಹಿಂದಿರುಗುತ್ತದೆ. ಮೇಲೆ ಸಾಲಾಗಿ ನೆಟ್ಟ ಜಿಯೋಫೋನ್ ಎಂಬ ಯಂತ್ರಗಳು ಆ ಮರುದನಿಯನ್ನು ಬರೆದುಕೊಳ್ಳುತ್ತವೆ. 1921ರಲ್ಲಿ ಅಮೇರಿಕದ ಓಕ್ಲಾಹೋಮಾದಲ್ಲಿ ಕಾರ್ಚರ್ ಮತ್ತು ಅವನ ಸಂಗಡಿಗರು ಇದನ್ನು ಮಾಡಿ ತೋರಿಸಿದರು.

ಇಲ್ಲಿ ಒಂದು ಮಾತನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಯಂತ್ರ ಅಳೆಯುವುದು ಹೊತ್ತನ್ನು, ಆಳವನ್ನಲ್ಲ. ನಡುಕ ಹೋಗಿ ಬರಲು 4 ಸೆಕೆಂಡು ಹಿಡಿಯಿತು ಎನ್ನೋಣ. ಇಳಿಯಲು 2, ಏರಲು 2. ಕಲ್ಲಿನಲ್ಲಿ ಅದರ ವೇಗ ಸೆಕೆಂಡಿಗೆ 3000 ಮೀಟರ್ ಎಂದು ಹಿಡಿದರೆ ಆಳ 6000 ಮೀಟರ್. 2700 ಎಂದು ಹಿಡಿದರೆ 5400. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ನೆಲದಲ್ಲಿ 600 ಮೀಟರ್ ಕೊರೆತ! ಈ ವೇಗವನ್ನು ಸರಿಯಾಗಿ ತಿಳಿಯುವುದೇ ಇಂದಿಗೂ ಈ ವಿದ್ಯೆಯ ದೊಡ್ಡ ಕಷ್ಟ.

ಇನ್ನೊಂದು ಕಷ್ಟ ಗದ್ದಲದ್ದು. ಮಗ್ಗಗಳ ನಡುವೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಕ್ಕದವನು ಒಮ್ಮೆ ಕೂಗಿದರೆ ಕೇಳಿಸುವುದಿಲ್ಲ. ಅದೇ ಮಾತನ್ನು ಹತ್ತು ಸಲ ಕೂಗಿದರೆ ಹೇಗೋ ತಿಳಿಯುತ್ತದೆ. ಹ್ಯಾರಿ ಮೇನ್ ಎಂಬವನು 1950ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯವೂ ಇದೇ. ನೆಲದೊಳಗಿನ ಒಂದೇ ಜಾಗದಿಂದ ಬರುವ ಮರುದನಿಯನ್ನು ಬೇರೆ ಬೇರೆ ದೂರಗಳಿಂದ ಅನೇಕ ಸಲ ಹಿಡಿದು ಕೂಡಿಸುವುದು. ನಿಜವಾದ ದನಿ ಒಂದರ ಮೇಲೊಂದು ಕೂತು ಬಲಿಯುತ್ತದೆ. ಗಾಳಿಯ ಸದ್ದು, ಬಂಡಿಯ ಸದ್ದು ಒಂದನ್ನೊಂದು ಹೊಡೆದುಹಾಕುತ್ತವೆ. 36 ಸಲ ಕೂಡಿಸಿದರೆ ಗದ್ದಲಕ್ಕಿಂತ ದನಿ ಸುಮಾರು ಆರು ಪಟ್ಟು ಮೇಲೇಳುತ್ತದೆ.

ನಮ್ಮ ಮುಂಬಯಿ ಹೈ ಕಥೆ ಇದೇ ಕಾಲದ್ದು. 1960ರ ದಶಕದಲ್ಲಿ ಸೋವಿಯತ್ ಹಡಗೊಂದರಲ್ಲಿ ಅಲ್ಲಿನವರೂ ನಮ್ಮವರೂ ಸೇರಿ ಖಂಬಾತ ಕೊಲ್ಲಿಯ ಕಡಲತಳವನ್ನು ಹೀಗೆ ತಟ್ಟಿ ನೋಡುತ್ತಿದ್ದಾಗ, ಮುಂಬಯಿಗೆ ಪಶ್ಚಿಮದ ಸಮುದ್ರದಡಿ ಗುಮ್ಮಟದಂಥ ಉಬ್ಬು ಕಂಡಿತು. 1974ರಲ್ಲಿ ‘ಸಾಗರ ಸಾಮ್ರಾಟ್’ ಅಲ್ಲಿ ಕೊರೆದಾಗ ತೈಲ ಸಿಕ್ಕಿತು. 1976ರಲ್ಲಿ ಉತ್ಪಾದನೆ ಆರಂಭವಾಯಿತು. ಭಾರತದಲ್ಲಿ ತೈಲವೇ ಇಲ್ಲ ಎನ್ನುತ್ತಿದ್ದ ಪರದೇಶಿ ಪಂಡಿತರ ಮಾತು ಕೇಳಿ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಿರಿ.

ಆದರೆ ಗುಮ್ಮಟದಂಥ ಸರಳ ಆಕಾರ ಎಲ್ಲೆಡೆ ಸಿಗುವುದಿಲ್ಲ. ಓರೆಯಾದ ಗೋಡೆಯೆದುರು ಕೂಗಿದರೆ ಮರುದನಿ ನೇರ ಮುಂದಿನಿಂದ ಬಾರದೆ ಪಕ್ಕದಿಂದ ಬರುತ್ತದೆ. ಓರೆ ಪದರುಗಳೂ ಹಾಗೆಯೇ. ಇದ್ದ ಜಾಗ ಒಂದು, ಚಿತ್ರದಲ್ಲಿ ಕಾಣುವ ಜಾಗ ಮತ್ತೊಂದು. ಅವನ್ನು ತಮ್ಮ ತಮ್ಮ ಜಾಗಕ್ಕೆ ಸರಿಸುವ ಲೆಕ್ಕವನ್ನು 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನ ಜಾನ್ ಕ್ಲೇರ್‌ಬೌಟ್ ಅಲೆಗಳ ಸಮೀಕರಣದ ಮೇಲೆ ಕಟ್ಟಿ, ಕಂಪ್ಯೂಟರಿಗೆ ಒಪ್ಪಿಸಿದನು. 1980ರ ದಶಕದಲ್ಲಿ ಇನ್ನೂ ದಿಟ್ಟವಾದ ವಿಚಾರಗಳು ಬಂದವು. ಮೊದಲು ನೆಲದೊಳಗಿನ ವೇಗಗಳನ್ನು ಊಹಿಸು. ಆ ಊಹೆಯ ನೆಲದಲ್ಲಿ ಅಲೆ ಹೇಗೆ ಓಡೀತೆಂದು ಲೆಕ್ಕ ಹಾಕು. ನಿಜವಾಗಿ ಬರೆದುಕೊಂಡ ಅಲೆಯೊಡನೆ ಹೋಲಿಸು. ಹೊಂದದಿದ್ದರೆ ಊಹೆಯನ್ನು ತಿದ್ದಿ ಮತ್ತೆ ಲೆಕ್ಕ ಹಾಕು. ಇದನ್ನು ಮಾಡಬಲ್ಲ ಕಂಪ್ಯೂಟರು ಬರಲು ಮುಂದೆ ಇಪ್ಪತ್ತು ವರ್ಷ ಕಾಯಬೇಕಾಯಿತು.

ಇಷ್ಟೆಲ್ಲ ಸಾಹಸ ಏಕೆಂದರೆ ಕೆಲವು ನೆಲ ಬಹಳ ಮೊಂಡು. ಬೆಳಗಾವಿ, ವಿಜಾಪುರದ ಕರಿಗಲ್ಲನ್ನು ನೀವು ಬಲ್ಲಿರಿ. ಅದೇ ಬೆಂಕಿಯ ಕಲ್ಲು ಮಹಾರಾಷ್ಟ್ರ, ಸೌರಾಷ್ಟ್ರಗಳ ಬಹು ಭಾಗವನ್ನೂ ಕಚ್ಛದ ಸ್ವಲ್ಪ ಭಾಗವನ್ನೂ ಹೊದ್ದುಕೊಂಡಿದೆ. ನಡುಕದ ಬಲವಾದ ಪಾಲು ಅದರ ಮೇಲ್ಮೈಗೇ ಬಡಿದು ಹಿಂದಿರುಗುತ್ತದೆ. ಒಳಹೊಕ್ಕದ್ದು ಪದರು ಪದರುಗಳ ನಡುವೆ ಚದುರಿಹೋಗುತ್ತದೆ. ಸೌರಾಷ್ಟ್ರದಲ್ಲಿ ಈ ಕಲ್ಲಿನಡಿ ಹಳೆಯ ಮಡ್ಡಿಗಲ್ಲಿನ ಪದರುಗಳಿವೆಯೆಂದು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಇಂಥ ಅಲೆಗಳಿಂದಲೇ ತೋರಿಸಿದ್ದಾರೆ. ಪದರು ಇದ್ದ ಮಾತ್ರಕ್ಕೆ ತೈಲ ಇದ್ದೇ ತೀರಬೇಕೆಂದಿಲ್ಲ. ಅದನ್ನು ಹೇಳುವುದು ಕೊರೆತವೇ.

ಹಾಗಾದರೆ ನಾವು ಕೇಳಬೇಕಾದದ್ದೇನು? ಬಣ್ಣ ಬಣ್ಣದ ಚಿತ್ರ ಹಿಡಿದು, ಇಲ್ಲಿ ಸಂಪತ್ತಿದೆ, ಹಣ ಹಾಕಿರಿ ಎಂದು ಯಾರಾದರೂ ಬಂದರೆ, ವೇಗವನ್ನು ಎಷ್ಟೆಂದು ಹಿಡಿದಿರಿ, ಹತ್ತಿರದ ಯಾವ ಬಾವಿಯೊಡನೆ ತಾಳೆ ನೋಡಿದಿರಿ ಎಂದು ಕೇಳಬೇಕು. ಅದು ಕ್ಯಾಮರಾ ತೆಗೆದ ಚಿತ್ರವಲ್ಲ, ಲೆಕ್ಕ ಬರೆದ ಚಿತ್ರ. ಅಂಗಡಿ ನಡೆಸುವವರಿಗೆ ಲೆಕ್ಕ ತಾಳೆ ನೋಡುವುದನ್ನು ನಾವು ಕಲಿಸಬೇಕಾಗಿಲ್ಲ.

ಇನ್ನು ಹಳೆಯ ಟೇಪುಗಳ ವಿಚಾರ. ದಶಕಗಳ ಹಿಂದೆ ಬರೆದುಕೊಂಡ ಮರುದನಿಯನ್ನು ಇಂದಿನ ಲೆಕ್ಕಕ್ಕೆ ಹಾಕಿದರೆ ಅಂದು ಕಾಣದ್ದು ಇಂದು ಕಾಣುವುದುಂಟು. ಮತ್ತೆ ಮದ್ದು ಬೇಡ, ಮತ್ತೆ ಹೊಲ ತುಳಿಯುವುದು ಬೇಡ. ಅಂದಮೇಲೆ ಸಾರ್ವಜನಿಕ ಹಣದಿಂದ ಮಾಡಿದ ಆ ದಾಖಲೆಗಳೇ ಒಂದು ಆಸ್ತಿ. ಅವನ್ನೆಲ್ಲ ಒಂದೆಡೆ ಕೂಡಿಡಲು 2017ರಲ್ಲಿ ರಾಷ್ಟ್ರೀಯ ದತ್ತಾಂಶ ಭಂಡಾರವೊಂದನ್ನು ತೆರೆದರು. ತಡವಾಯಿತಾದರೂ ಒಳ್ಳೆಯ ಕೆಲಸ.

ಕೊನೆಗೆ ಒಂದು ಸಂಗತಿ. ಮೈಲಿಗಟ್ಟಲೆ ತಂತಿ ಹಾಸಿ, ಜಿಯೋಫೋನಿನ ಮೊಳೆಯನ್ನು ಒಂದೊಂದಾಗಿ ನೆಲಕ್ಕೆ ಒತ್ತುವವರು ಕೂಲಿಯಾಳುಗಳು. ಮೊಳೆ ಸಡಿಲವಾಗಿ ಕೂತರೆ ಯಂತ್ರಕ್ಕೆ ನೆಲದ ದನಿ ಸರಿಯಾಗಿ ಕೇಳದು, ಗಾಳಿಯದೇ ಕೇಳೀತು. ಬರೆದುಕೊಳ್ಳದೆ ಬಿಟ್ಟುಹೋದ ದನಿಯನ್ನು ಎಷ್ಟು ದೊಡ್ಡ ಕಂಪ್ಯೂಟರೂ ಆಮೇಲೆ ಹುಟ್ಟಿಸಲಾರದು.