ಪರದೇಶದ ಪಟ್ಟಿಯಲ್ಲಿ ನಮ್ಮ ಹಳ್ಳಿ



ಪರದೇಶಗಳಲ್ಲಿ ನಮ್ಮ ನರ್ಸುಗಳ ನೋಂದಣಿ ಎಂಬ ವಿಷಯವನ್ನು ಕುರಿತು ಆಶಯದ ಮಾತುಗಳನ್ನಾಡಬೇಕೆಂದು ಈ ಸಭೆಯ ಸಂಚಾಲಕರು ಅಪ್ಪಣೆ ಮಾಡಿದಾಗ ನನ್ನ ಮನಸ್ಸಿಗೆ ಮೊದಲು ಬಂದವರು ಸಮುದ್ರ ದಾಟಿದವರಾರೂ ಅಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು. ಅಕ್ಷರದ ಗೊಡವೆಗೆ ಹೋಗದೆ, ಅಜ್ಜಿಯಿಂದ ಕಲಿತ ವಿದ್ಯೆಯೊಂದನ್ನೇ ನೆಚ್ಚಿ, ಆಸ್ಪತ್ರೆಯೆಂಬುದು ಬಲುದೂರದ ಮಾತಾಗಿದ್ದ ಕಾಲದಲ್ಲಿ 15,000ಕ್ಕೂ ಮಿಕ್ಕು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ತೊಂಬತ್ತೆಂಟರ ಪಕ್ವ ವಯಸ್ಸಿನಲ್ಲಿ ಕಣ್ಮುಚ್ಚಿದ ಆ ತಾಯಿಯನ್ನು, ‘ನಿನ್ನ ಸರ್ಟಿಫಿಕೇಟು ಎಲ್ಲಿ?’ ಎಂದು ಯಾವ ಬಾಣಂತಿಯ ಮನೆಯವರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಆಕೆಯ ಕೈಗುಣಕ್ಕೆ ಪಕ್ಕದ ಬೀದಿಯಲ್ಲಿ ಆಡುತ್ತಿದ್ದ ಮಗುವೇ ಸಾಕ್ಷಿ.

ಆದರೆ ಆ ಸಾಕ್ಷಿಯ ಮಾತು ಎಷ್ಟು ದೂರ ಕೇಳಿಸೀತು? ಹೋಬಳಿಯ ಎಲ್ಲೆಯವರೆಗೆ, ಹೆಚ್ಚೆಂದರೆ ತಾಲ್ಲೂಕಿನವರೆಗೆ. ಹಾಸಿಗೆಯ ಮೇಲೆ ಮಲಗಿದವನೂ ಅಪರಿಚಿತ, ಅವನ ರಕ್ತನಾಳಕ್ಕೆ ಸೂಜಿ ಚುಚ್ಚುವವಳೂ ಅಪರಿಚಿತೆ ಎಂಬ ಸ್ಥಿತಿ ಬಂದೊದಗಿದಲ್ಲಿ, ಇವಳನ್ನು ನಂಬಬಹುದು ಎಂದು ಇಬ್ಬರನ್ನೂ ಕಾಣದ ಮೂರನೆಯವನೊಬ್ಬನು ಹೇಳಬೇಕಾಗುತ್ತದೆ, ನೋಂದಣಿಯೆಂದರೆ ಇಷ್ಟೆ.

ಈ ಏರ್ಪಾಡು ನಾವು ಭಾವಿಸುವಷ್ಟು ಪುರಾತನವಾದುದಲ್ಲ. ನರ್ಸುಗಳಿಗೇ ಮೀಸಲಾದ ನೋಂದಣಿ ಕಾಯಿದೆಯನ್ನು ಜಗತ್ತಿನಲ್ಲಿ ಮೊದಲು ಮಾಡಿದುದು ನ್ಯೂಜಿಲೆಂಡ್, 1901ರಲ್ಲಿ. ಇಂಗ್ಲೆಂಡಿಗೆ ಅದು ಬಂದುದು 1919ರಲ್ಲಿ, ಸುಮಾರು ಮೂರು ದಶಕಗಳ ಕಲಹದ ತರುವಾಯ. ಆ ಕಲಹದಲ್ಲಿ ಪಟ್ಟಿ ಬೇಕೇ ಬೇಕೆಂದು ಹಟ ಹಿಡಿದವರು ಎಥೆಲ್ ಬೆಡ್‌ಫರ್ಡ್ ಫೆನ್ವಿಕ್. ಕೂಡದೆಂದು ವಿರೋಧಿಸಿದವರು, ನಮ್ಮ ಶುಶ್ರೂಷಾ ವಿದ್ಯಾರ್ಥಿಗಳು ದೀಪ ಹಿಡಿದು ಪ್ರತಿಜ್ಞೆ ಮಾಡುವಾಗ ಯಾರನ್ನು ನೆನೆಯುತ್ತಾರೆಯೋ ಆ ಫ್ಲಾರೆನ್ಸ್ ನೈಟಿಂಗೇಲರೇ. ಪರೀಕ್ಷೆಗೆ ನಿಲುಕದ ಶೀಲವನ್ನು ಪಟ್ಟಿಯಲ್ಲಿ ಬರೆಯುವ ಬಗೆ ಹೇಗೆ ಎಂಬುದು ಆಕೆಯ ಆಕ್ಷೇಪದ ತಿರುಳು. ಗೆದ್ದವರು ಫೆನ್ವಿಕ್, ಆ ದೇಶದ ರಿಜಿಸ್ಟರಿನ ಮೊದಲನೆಯ ಹೆಸರೂ ಅವರದೇ. ಸೋತ ಪಕ್ಷದ ಮಾತು ಮಾತ್ರ ಸುಳ್ಳಾಗಲಿಲ್ಲವೆಂದು ನನ್ನ ಅಭಿಪ್ರಾಯ. ಅದು ಹೇಗೆ ಹಿಂದಿನ ಬಾಗಿಲಿನಿಂದ ಒಳಬಂದಿತೆಂಬುದನ್ನು ಮುಂದೆ ಹೇಳುವೆನು.

ನಮ್ಮಲ್ಲಿ 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯೂ ನಮ್ಮ ರಾಜ್ಯದ ಪರಿಷತ್ತಿಗೆ ಆಧಾರವಾದ 1961ರ ಕಾಯಿದೆಯೂ ಈ ಪಟ್ಟಿಯನ್ನು ಸ್ಥಾಪಿಸಿದುವು; 2023ರಲ್ಲಿ ಸಂಸತ್ತು ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಹೊಸ ಕಾಯಿದೆಯನ್ನು ಅಂಗೀಕರಿಸಿದೆ. ಜಿಎನ್‌ಎಂ ಡಿಪ್ಲೊಮಾ ಮಾಡಿದವಳಾಗಲಿ ಬಿಎಸ್ಸಿ ನರ್ಸಿಂಗ್ ಮಾಡಿದವಳಾಗಲಿ, ಬೆಂಗಳೂರಿನ ಪರಿಷತ್ತಿನಲ್ಲಿ ಹೆಸರು ಬರೆಯಿಸಿದ ಮೇಲೆಯೇ ನರ್ಸ್ ಎನಿಸಿಕೊಳ್ಳುತ್ತಾಳೆ. ಪರದೇಶದ ಪರಿಷತ್ತು ಕೇಳುವುದು ಈ ಹೆಸರನ್ನೇ. ಆದರೆ ಅವಳನ್ನು ಕೇಳುವುದಿಲ್ಲ. ಗಾಜಿನ ಚೌಕಟ್ಟಿನಲ್ಲಿ ನಡುಮನೆಯ ಗೋಡೆಗೆ ತೂಗುಹಾಕಿರುವ ಸರ್ಟಿಫಿಕೇಟನ್ನು ಅವಳೇ ಕೊಂಡೊಯ್ದು ತೋರಿಸಿದರೆ ಅದಕ್ಕೆ ಅಷ್ಟಾಗಿ ಬೆಲೆಯಿಲ್ಲ. ಇವಳು ನಿಮ್ಮ ಪಟ್ಟಿಯಲ್ಲಿರುವುದು ದಿಟವೇ, ಇವಳ ಮೇಲೆ ದೂರುಗಳೇನಾದರೂ ಉಂಟೇ ಎಂದು ಆ ಪರಿಷತ್ತು ನಮ್ಮ ಪರಿಷತ್ತಿನಿಂದ ನೇರವಾಗಿ ಉತ್ತರವನ್ನು ಬಯಸುತ್ತದೆ. ದೇಶದೇಶಕ್ಕೆ ವ್ಯತ್ಯಾಸವುಂಟಾದರೂ ಕಾಲೇಜಿನಿಂದ ಟ್ರಾನ್ಸ್‌ಕ್ರಿಪ್ಟನ್ನೂ, ಯಾವ ವಿಷಯವನ್ನು ಎಷ್ಟು ಗಂಟೆ ಪಾಠದಲ್ಲಿ, ಎಷ್ಟು ಗಂಟೆ ವಾರ್ಡಿನಲ್ಲಿ ಕಲಿತಳೆಂಬ ವಿವರವನ್ನೂ ಬಯಸುವವರುಂಟು. ಹತ್ತು ವರ್ಷದ ಹಿಂದಿನ ಹಾಜರಿ ಪುಸ್ತಕವನ್ನು ಗೆದ್ದಲು ತಿಂದಿದ್ದರೆ ಆಕೆಯ ಬದುಕಿನ ಅಷ್ಟು ಗಂಟೆಗಳನ್ನು ಗೆದ್ದಲು ತಿಂದಂತೆಯೇ.

ಇಲ್ಲಿ ನಾನು ಒಂದು ಹೆಸರಿನ ಕಥೆಯನ್ನು ಹೇಳಬೇಕು. ಮೂವತ್ತು ವರ್ಷ ನರ್ಸಿಂಗ್ ಪಾಠ ಹೇಳಿದವನಾದ ನನಗೆ ಔಷಧದ ಪ್ರಮಾಣಗಳು ಮರೆತಿವೆ, ಇದು ಮರೆತಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು, ಕೊರಟಗೆರೆ ಕಡೆಯವಳು, ನಮ್ಮ ಸೀಮೆಯ ವಾಡಿಕೆಯಂತೆ ಹೆಸರಿನ ಮುಂದೆ ಎರಡು ಅಕ್ಷರಗಳನ್ನು ಹೊತ್ತುಕೊಂಡು ಬಂದವಳು: ಮೊದಲನೆಯದು ಊರಿನದು, ಎರಡನೆಯದು ತಂದೆಯದು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇವು ಅಕ್ಷರಗಳಾಗಿಯೇ ಇದ್ದುವು. ಡಿಪ್ಲೊಮಾದಲ್ಲಿ ತಂದೆಯ ಹೆಸರು ಬಿಡಿಸಿಕೊಂಡಿತು, ಊರು ಮಾಯವಾಯಿತು. ಪಾಸ್‌ಪೋರ್ಟಿನವರು ಸರ್‌ನೇಮ್ ಏನೆಂದು ಕೇಳಿದಾಗ, ಮನೆತನದ ಹೆಸರೆಂಬುದೇ ಇಲ್ಲದ ಆ ಹುಡುಗಿ ಶಾಲೆಯ ಟಿ.ಸಿ.ಯನ್ನು ನೋಡಿಕೊಂಡು ಊರಿನ ಹೆಸರನ್ನು ಬರೆಯಿಸಿದಳು. ಆ ಟಿ.ಸಿ.ಯಲ್ಲಿ ಯಾವ ಕಾಲದಲ್ಲಿಯೋ ಯಾರೋ ಗುಮಾಸ್ತರು ‘ಹಳ್ಳಿ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಎರಡು ‘ಎಲ್’ ಇರಬೇಕಾದಲ್ಲಿ ಒಂದೇ ‘ಎಲ್’ ಹಾಕಿದ್ದರು. ಹೀಗೆ ಒಬ್ಬಳೇ ಹುಡುಗಿ ಮೂರು ಕಾಗದಗಳಲ್ಲಿ ಮೂವರಾದಳು. ಮೂವರೂ ಒಬ್ಬಳೇ ಎಂದು ಸಿದ್ಧಪಡಿಸುವುದಕ್ಕೆ ನೋಟರಿಯ ಅಫಿಡವಿಟ್ಟು, ಪತ್ರಿಕೆಯ ಜಾಹೀರಾತು, ತಿದ್ದುಪಡಿಯ ಅರ್ಜಿ, ಬೆಂಗಳೂರಿಗೆ ಎಡತಾಕಿದ ಬಸ್ಸಿನ ಟಿಕೆಟ್ಟುಗಳು, ಇವೆಲ್ಲ ಸೇರಿ ಹನ್ನೊಂದು ತಿಂಗಳು ಹಿಡಿದುವು. ಆಕೆ ಪರದೇಶದ ಪರೀಕ್ಷೆಗಳಿಗೆಲ್ಲ ಕಳೆದುದು ಅದಕ್ಕಿಂತ ಕಡಿಮೆ ಕಾಲ.

ಆದುದರಿಂದ ನನ್ನ ವಾದವನ್ನು ಈಗಲೇ ಮುಂದಿಡುತ್ತೇನೆ, ಗೋಷ್ಠಿಗಳಲ್ಲಿ ತಾವು ಖಂಡಿಸಬಹುದು: ಲಂಡನ್ನಿನ ನೋಂದಣಿ ಲಂಡನ್ನಿನಲ್ಲಿ ಆರಂಭವಾಗುವುದಿಲ್ಲ, ಅದು ಮಧುಗಿರಿಯ ಪ್ರಾಥಮಿಕ ಶಾಲೆಯಲ್ಲಿ, ಮಗುವನ್ನು ಒಂದನೆಯ ತರಗತಿಗೆ ಸೇರಿಸಿಕೊಳ್ಳುವ ಮೇಷ್ಟರ ಲೇಖನಿಯ ತುದಿಯಲ್ಲಿ ಆರಂಭವಾಗುತ್ತದೆ.

ಕಾಗದಗಳು ಸರಿಯಾದುವೆನ್ನೋಣ. ಬ್ರಿಟನ್ನಿಗೆ ಹೋಗುವವಳಿಗೆ ಮುಂದೆ ಇರುವುದು ಭಾಷೆ. ಐಇಎಲ್‌ಟಿಎಸ್ ಪರೀಕ್ಷೆಯಾದರೆ ಓದು, ಕೇಳ್ಮೆ, ಮಾತುಗಳಲ್ಲಿ 7, ಬರವಣಿಗೆಯಲ್ಲಿ 6.5; ಇಲ್ಲವೇ ವೈದ್ಯಕೀಯ ವೃತ್ತಿಯವರಿಗೆಂದೇ ಇರುವ ಒಇಟಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮೂರು ವರ್ಷ ಇಂಗ್ಲಿಷ್ ಪಠ್ಯವನ್ನು ಕಂಠಪಾಠ ಮಾಡಿ, ವಾರ್ಡಿನಲ್ಲಿ ರೋಗಿಗಳೊಡನೆ ಕನ್ನಡವನ್ನೂ ಪಾವಗಡದಲ್ಲಾದರೆ ತೆಲುಗನ್ನೂ ಆಡಿದವಳಿಗೆ ಅರ್ಧ ಅಂಕವೆಂಬುದು ನಮ್ಮ ಮಧುಗಿರಿಯ ಏಕಶಿಲೆಯ ಕೊನೆಯ ಏರಿನಂತೆ: ಕೆಳಗಿನಿಂದ ನೋಡಿದರೆ ಒಂದು ಗೇಣು, ಹತ್ತಹೋದರೆ ಉಸಿರು ನಿಲ್ಲುತ್ತದೆ. ತರುವಾಯ ಕಂಪ್ಯೂಟರಿನ ಮುಂದೆ ಕುಳಿತು ಬರೆಯುವ ಸಿಬಿಟಿ. ಔಷಧದ ಲೆಕ್ಕಾಚಾರದ 15 ಪ್ರಶ್ನೆಗಳು, ಶುಶ್ರೂಷೆಯ 100 ಪ್ರಶ್ನೆಗಳು. ಇದನ್ನು ಇಲ್ಲಿಂದಲೇ ಬರೆಯಬಹುದು, ನಮ್ಮ ಮಕ್ಕಳು ಇದರಲ್ಲಿ ಎಡವುವುದು ಕಡಿಮೆ.

ಎಡವುವುದು ಅಲ್ಲಿಗೆ ಹೋದ ಮೇಲೆ ಕೊಡಬೇಕಾದ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯಲ್ಲಿ. ನಾರ್ಥಾಂಪ್ಟನ್, ಲೀಡ್ಸ್ ಮೊದಲಾದ ಕೇಂದ್ರಗಳಲ್ಲಿ ನಡೆಯುವ ಈ ಪರೀಕ್ಷೆಗೆ 2021ರಿಂದೀಚೆಗೆ ಹತ್ತು ಘಟ್ಟಗಳು. ನಮ್ಮ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದ ಕೈಗೆ ಇಂಜೆಕ್ಷನ್ನು ಕಷ್ಟವೇ? ಅಲ್ಲ. ಕಷ್ಟವಾದುದು ಇದು. ‘ಅಜ್ಜೀ, ಕೈ ಕೊಡಿ’ ಎಂದು ನೇರವಾಗಿ ಸೂಜಿ ಹಿಡಿಯುವ ಅಭ್ಯಾಸವುಳ್ಳವಳು ಅಲ್ಲಿ ಮೊದಲು ತನ್ನ ಹೆಸರು ಹೇಳಬೇಕು. ಅಜ್ಜಿಯ ಹೆಸರನ್ನೂ ಜನ್ಮದಿನಾಂಕವನ್ನೂ ಅವರ ಬಾಯಿಂದಲೇ ಹೇಳಿಸಿ ಮಣಿಕಟ್ಟಿನ ಪಟ್ಟಿಯೊಡನೆ ತಾಳೆ ನೋಡಬೇಕು. ಯಾವ ಔಷಧವಾದರೂ ಒಗ್ಗದೆಂಬುದುಂಟೇ ಎಂದು ವಿಚಾರಿಸಬೇಕು. ಚುಚ್ಚಲು ಅನುಮತಿ ಕೇಳಬೇಕು. ಕೆಲವೆಡೆ, ಉಸಿರಿಲ್ಲದ ರಬ್ಬರಿನ ಬೊಂಬೆಯ ಮುಂದೆ, ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಮಾಡಬೇಕು. ನಮ್ಮ ವಾರ್ಡಿನಲ್ಲಿ ಮೈ ಒರೆಸುವವರು, ಗಂಜಿ ಕುಡಿಸುವವರು ರೋಗಿಯ ಮಗಳೋ ಸೊಸೆಯೋ ಆಗಿರುತ್ತಾರೆ, ಚಾಪೆ ಹಾಸಿಕೊಂಡು ಮಂಚದ ಕೆಳಗೇ ಮಲಗಿರುತ್ತಾರೆ. ಅಲ್ಲಿ ಆ ಮಗಳ ಕೆಲಸವೂ ನರ್ಸಿನದೇ. ಹತ್ತರಲ್ಲಿ ಒಂದು ಘಟ್ಟವಂತೂ ವೃತ್ತಿಯ ಮೌಲ್ಯಗಳನ್ನೇ ಕುರಿತದ್ದು: ಸಹೋದ್ಯೋಗಿಯು ತಪ್ಪು ಮಾಡಿದುದನ್ನು ಕಂಡೆ, ಏನು ಮಾಡುವೆ? ಶೀಲವನ್ನು ಪರೀಕ್ಷಿಸಲಾಗದೆಂದ ನೈಟಿಂಗೇಲರ ಆಕ್ಷೇಪಕ್ಕೆ ಫೆನ್ವಿಕ್ಕರ ವಾರಸುದಾರರು ನೂರು ವರ್ಷದ ಮೇಲೆ ಕೊಟ್ಟ ಸಮಾಧಾನ ಇದು. ಸಮಾಧಾನ ಸಾಲದೆಂದು ಕೆಲವರಿಗೆ ಅನ್ನಿಸೀತು, ನನಗೂ ಅನ್ನಿಸಿದೆ.

ಇತರ ದೇಶಗಳನ್ನು ಕುರಿತು ವಿಸ್ತರಿಸುವುದಿಲ್ಲ. ಗೋಷ್ಠಿಗಳಲ್ಲಿ ಅವು ಬರುತ್ತವೆ. ಜರ್ಮನಿಯಲ್ಲಿ ಅವರ ಭಾಷೆಯನ್ನು ಬಿ2 ಮಟ್ಟದವರೆಗೆ ಕಲಿಯಬೇಕು, ನಮ್ಮ ಪಾಠಕ್ರಮದಲ್ಲಿ ಅವರು ಕಂಡ ಕೊರತೆಯನ್ನು ತರಬೇತಿಯಿಂದಲೋ ಪರೀಕ್ಷೆಯಿಂದಲೋ ತುಂಬಬೇಕು. ಅಮೆರಿಕದ ಎನ್‌ಕ್ಲೆಕ್ಸ್ ಪರೀಕ್ಷೆ ಉತ್ತರಿಸುವವಳ ಸಾಮರ್ಥ್ಯವನ್ನು ನೋಡಿ ಮುಂದಿನ ಪ್ರಶ್ನೆಯನ್ನು ಆರಿಸುತ್ತದೆ. ಕೊಲ್ಲಿ ದೇಶಗಳದು ದಾಖಲೆ ಪರಿಶೀಲನೆಯ ಡೇಟಾಫ್ಲೋ ಮತ್ತು ಕಂಪ್ಯೂಟರ್ ಪರೀಕ್ಷೆಯ ಪ್ರೊಮೆಟ್ರಿಕ್ ದಾರಿ, ನಮ್ಮ ಜನಕ್ಕೆ ಚಿರಪರಿಚಿತ.

ಪರದೇಶದಲ್ಲಿ ಕೆಲಸ ಕೊಡಿಸುವ ಏಜೆಂಟರನ್ನು ಕುರಿತು ಮಾತ್ರ ಒಂದು ಮಾತು. 1983ರ ವಲಸೆ ಕಾಯಿದೆಯಂತೆ ನೋಂದಾಯಿತರಲ್ಲದವರು ಈ ವ್ಯವಹಾರ ನಡೆಸುವಂತಿಲ್ಲ. ಬ್ರಿಟನ್ನಿನ ನೇಮಕಾತಿ ಸಂಹಿತೆಯ ಪ್ರಕಾರ ಅಲ್ಲಿಯ ಆಸ್ಪತ್ರೆಗಳಿಗೆ ನರ್ಸುಗಳನ್ನು ಒದಗಿಸುವ ಏಜೆನ್ಸಿ ಕೆಲಸ ಕೊಡಿಸಿದ್ದಕ್ಕೆಂದು ಅಭ್ಯರ್ಥಿಯಿಂದ ಶುಲ್ಕ ವಸೂಲು ಮಾಡಕೂಡದು. ಹೀಗಿದ್ದೂ ಕಡಲೆಕಾಯಿ ಬೆಳೆಯುವ ಎರಡೆಕರೆಯನ್ನು ಅಡವಿಟ್ಟು ದುಡ್ಡು ಕಟ್ಟಿದ ತಂದೆಯೊಬ್ಬರನ್ನು ನಾನು ಶಿರಾದ ಬಸ್‌ಸ್ಟ್ಯಾಂಡಿನಲ್ಲಿ ಕಂಡೆನು. ರಸೀತಿ ಉಂಟೇ ಎಂದು ಕೇಳಿದೆ. ಫೋನಿನಲ್ಲಿದ್ದ ಒಂದು ವಾಟ್ಸಾಪ್ ಸಂದೇಶವನ್ನು ತೋರಿಸಿದರು.

ಈ ನರ್ಸುಗಳೆಲ್ಲ ಹೋದರೆ ಇಲ್ಲಿಯ ಗತಿಯೇನು ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅಂಗೀಕರಿಸಿದ ನೇಮಕಾತಿ ಸಂಹಿತೆ ಕರೆಸಿಕೊಳ್ಳುವ ದೇಶಕ್ಕೂ ಹೊಣೆಯನ್ನು ಹೊರಿಸಿದೆ. ಆದರೆ ಕಾಂಟ್ರ್ಯಾಕ್ಟಿನ ಮೇಲೆ ದುಡಿಸಿ, ಸಂಬಳವನ್ನು ತಡವಾಗಿ ಕೊಟ್ಟು, ಹೊರಟುನಿಂತಾಗ ದೇಶಸೇವೆಯನ್ನು ನೆನಪಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಕೊರಟಗೆರೆ ಕಡೆಯ ಆ ಹುಡುಗಿಯ ವಿಷಯ ಅರ್ಧಕ್ಕೆ ಬಿಟ್ಟೆನು. ಓಸ್ಕಿಯಲ್ಲಿ ಎರಡನೆಯ ಯತ್ನಕ್ಕೆ ತೇರ್ಗಡೆಯಾದಳು. ಬ್ರಿಟನ್ನಿನ ರಿಜಿಸ್ಟರನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ತೆರೆದು ನೋಡಬಹುದು; ಆಕೆ ಫೋನ್ ಮಾಡಿದ ದಿನ ನಾನೂ ನೋಡಿದೆನು. ಆಕೆಯ ಹೆಸರಿತ್ತು, ಅದರ ಪಕ್ಕದಲ್ಲಿ ಆಕೆಯ ಊರಿತ್ತು. ಕಾಗದಗಳೆಲ್ಲ ಒಂದೇ ಸಮನಾಗಿರಬೇಕೆಂದು ಉಳಿದೆರಡನ್ನೂ ತಪ್ಪಿದ್ದ ಕಾಗದದಂತೆಯೇ ತಿದ್ದಿಸಿದ್ದೆವಲ್ಲ. ಅಲ್ಲಿ ನಮ್ಮ ಹಳ್ಳಿ ಒಂದು ‘ಎಲ್’ ಕಡಿಮೆಯಾಗಿಯೇ ಇದೆ.