ಗೋಡೆಯ ಬೂಷ್ಟು, ಮನೆಯ ತೇವ

(ಯೋನ್‌ಶೋಪಿಂಗ್‌ನಲ್ಲಿ ನಡೆದ ಕನ್ನಡ ಕುಟುಂಬಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬೆಂಕಿಪೊಟ್ಟಣದಿಂದ ಹೆಸರಾದ ಊರಿನಲ್ಲಿ ನಾವಿಂದು ಸೇರಿದ್ದೇವೆ. ಮಲೆನಾಡಿನ ನಮ್ಮ ಮನೆಯಲ್ಲಿ ಆಷಾಢ ಬಂತೆಂದರೆ ಬೆಂಕಿಪೊಟ್ಟಣಕ್ಕೆ ಒಲೆಯ ಪಕ್ಕದ ಗೂಡೇ ಗತಿ. ಬೇರೆಡೆ ಇಟ್ಟರೆ ಕಡ್ಡಿ ಹೊತ್ತುತ್ತಿರಲಿಲ್ಲ. ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುತ್ತಿತ್ತು. ಒರೆಸಿ ಬಿಸಿಲಿಗಿಟ್ಟರೆ ಮುಗಿಯಿತು. ಅದನ್ನು ಯಾರೂ ದೊಡ್ಡದೆಂದು ಎಣಿಸಲಿಲ್ಲ.

ಅದೇ ಉದಾಸೀನವನ್ನು ನಾನು ಇಲ್ಲಿಗೂ ತಂದೆ. ಮೊದಲ ಚಳಿಗಾಲದಲ್ಲಿ ಕುಳಿರ್ಗಾಳಿಗೆ ಹೆದರಿ, ಕಿಟಕಿಯ ಮೇಲಿನ ಗಾಳಿಕಿಂಡಿಗೆ ಬಟ್ಟೆ ತುರುಕಿದೆವು. ಅನ್ನದ ಹಬೆ, ಸ್ನಾನದ ಹಬೆ, ಒಳಗೆ ಒಣಹಾಕಿದ ಬಟ್ಟೆಗಳ ನೀರು ಎಲ್ಲವೂ ಮನೆಯಲ್ಲಿಯೇ ಉಳಿದವು. ಮಾರ್ಚ್ ತಿಂಗಳಲ್ಲಿ ಬೀರು ಸರಿಸಿದಾಗ ಹೊರಗೋಡೆ ಕಪ್ಪಾಗಿತ್ತು. ಆ ಕೋಣೆಯಲ್ಲಿ ಮಲಗುತ್ತಿದ್ದ ಮಗಳು ಎಷ್ಟೋ ದಿನಗಳಿಂದ ಕೆಮ್ಮುತ್ತಿದ್ದಳು. ಮನೆಯ ಮಾಲೀಕರು ನಮ್ಮ ಅಡುಗೆಯನ್ನೇ ದೂರುವರೆಂದು ಅಂಜಿ, ಯಾರಿಗೂ ತಿಳಿಸದೆ ಅದರ ಮೇಲೆ ಬಣ್ಣ ಬಳಿದೆ. ಮುಂದಿನ ಚಳಿಗಾಲದಲ್ಲಿ ಕಪ್ಪು ಮತ್ತೆ ಮೇಲೆದ್ದಿತು.

ತೇವವಿರುವ ಮನೆಗಳಲ್ಲಿ ವಾಸಿಸುವವರಿಗೆ ಆಸ್ತಮಾ ಹಾಗೂ ಉಸಿರಾಟದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಸ್ಪಷ್ಟಪಡಿಸಿತು. ಬೂಷ್ಟು ಕೇವಲ ಕೊಳೆಯಲ್ಲ. ಗೋಡೆಯಲ್ಲಿ ನೀರಿದೆ ಎಂಬುದರ ಸೂಚನೆ. ನೀರು ನಿಲ್ಲದೆ ಬೂಷ್ಟು ನಿಲ್ಲದು.

ಇಲ್ಲಿ ನಮ್ಮ ಊರಿನ ಅನುಭವ ತಲೆಕೆಳಗಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಕಿಟಕಿ ತೆರೆದರೆ ತೇವ ಒಳಬರುತ್ತದೆ. ಸ್ವೀಡನ್ನಿನ ಚಳಿಗಾಲದಲ್ಲಿ ತೇವ ಹೊರಹೋಗುತ್ತದೆ. ಶೂನ್ಯ ಡಿಗ್ರಿಯ ಗಾಳಿಯು ಘನಮೀಟರಿಗೆ ಸುಮಾರು 5 ಗ್ರಾಂ ನೀರಾವಿಯನ್ನು ಮಾತ್ರ ಹಿಡಿದಿಡಬಲ್ಲದು. 20 ಡಿಗ್ರಿಯದು ಸುಮಾರು 17 ಗ್ರಾಂ. ಆದುದರಿಂದ ಒಳಬಂದು ಬೆಚ್ಚಗಾದ ಚಳಿಗಾಳಿ ಬಹಳ ಒಣ ಗಾಳಿ. ದಿನಕ್ಕೆರಡು ಬಾರಿ ಐದು ನಿಮಿಷ ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆರೆಯಿರಿ. ಗಾಳಿಕಿಂಡಿಗಳನ್ನು ಮುಚ್ಚಬೇಡಿ. ಬೀರುವನ್ನು ಹೊರಗೋಡೆಯಿಂದ ಕೆಲವು ಅಂಗುಲ ದೂರವಿಡಿ. ನೆಲಮಾಳಿಗೆಯುಳ್ಳವರು ಮಾತ್ರ ಎಚ್ಚರ ವಹಿಸಬೇಕು: ಜುಲೈ ತಿಂಗಳ ಬೆಚ್ಚನೆಯ ಗಾಳಿ ಅಲ್ಲಿನ ತಣ್ಣನೆಯ ಗೋಡೆಗೆ ತಾಕಿ ನೀರಾಗುತ್ತದೆ.

ಇನ್ನು ತೆಗೆಯುವ ಕ್ರಮ. ಗಟ್ಟಿ ಮೇಲ್ಮೈಯ ಮೇಲಿನ ಸಣ್ಣ ಕಲೆಯನ್ನು ನಾವೇ ತೆಗೆಯಬಹುದು. ಕೈಗವಸು, ಕನ್ನಡಕ, ಪಿ-3 ದರ್ಜೆಯ ಮುಖಗವಸು ಧರಿಸಿ. ಮಕ್ಕಳನ್ನೂ ಆಸ್ತಮಾ ಇರುವವರನ್ನೂ ದೂರವಿರಿಸಿ, ಬಾಗಿಲು ಮುಚ್ಚಿ ಕಿಟಕಿ ತೆರೆಯಿರಿ. ಒಣಗಿದ ಬೂಷ್ಟನ್ನು ಎಂದಿಗೂ ಕೆರೆಯಬೇಡಿ, ಗುಡಿಸಬೇಡಿ. ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆದು, ಜಾಗವನ್ನು ಪೂರ್ತಿ ಒಣಗಿಸಿ. ಬ್ಲೀಚನ್ನು ವಿನೆಗರ್ ಅಥವಾ ಅಮೋನಿಯದೊಡನೆ ಬೆರೆಸಲೇಬಾರದು, ವಿಷಾನಿಲ ಹೊರಡುತ್ತದೆ. ಸತ್ತ ಬೂಷ್ಟೂ ಅಲರ್ಜಿ ತರಬಲ್ಲುದಾದ್ದರಿಂದ ಕೊಂದರೆ ಸಾಲದು, ತೆಗೆಯಲೇಬೇಕು. ಬೂಷ್ಟು ಒಳಕ್ಕಿಳಿದ ಹಾಸಿಗೆ, ಗೋಡೆಕಾಗದ, ಜಿಪ್ಸಂ ಹಲಗೆಗಳು ಉಳಿಯುವುದಿಲ್ಲ. ಕಲೆ ಒಂದು ಚದರ ಮೀಟರಿಗಿಂತ ದೊಡ್ಡದಿದ್ದರೆ, ಅಥವಾ ಕಾಣದಿದ್ದರೂ ವಾಸನೆ ಬರುತ್ತಿದ್ದರೆ, ಪರಿಣತರನ್ನು ಕರೆಯಿರಿ.

ಬಾಡಿಗೆದಾರರಿಗೆ ಕೊನೆಯ ಮಾತು. ಗೋಡೆಯ ಚಿತ್ರ ತೆಗೆದು, ದಿನಾಂಕ ಸಹಿತ ಮಾಲೀಕರಿಗೆ ಬರೆದು ತಿಳಿಸಿ. ಇದು ದೂರಲ್ಲ, ತುರ್ತಾಗಿ ಸರಿಪಡಿಸಬೇಕಾದ ಹಾನಿಯನ್ನು ಕೂಡಲೇ ತಿಳಿಸುವುದು ಈ ದೇಶದ ಕಾನೂನಿನಂತೆ ಬಾಡಿಗೆದಾರನ ಕರ್ತವ್ಯ. ಅವರು ಕಿವಿಗೊಡದಿದ್ದರೆ ಕಮ್ಯೂನಿನ ಪರಿಸರ ಕಚೇರಿಗೆ ಹೋಗಿರಿ. 1999ರಲ್ಲಿ ಜಾರಿಗೆ ಬಂದ ಪರಿಸರ ಸಂಹಿತೆಯಂತೆ, ಮನೆಯ ತೇವದಿಂದ ಆರೋಗ್ಯ ಕೆಡುವಂತಿದ್ದರೆ ಕ್ರಮ ಕೈಗೊಳ್ಳುವ ಅಧಿಕಾರ ಅದಕ್ಕಿದೆ.

ಎರಡನೆಯ ಸಲ ನಾನು ಪತ್ರ ಬರೆದೆ. ಬಂದವರು ಅಡುಗೆಯ ಮಾತೆತ್ತಲಿಲ್ಲ; ಕಿಂಡಿಯ ಬಟ್ಟೆಯನ್ನು ತೆಗೆಸಿದರು, ಗೋಡೆಯೊಳಗೆ ಸೋರುತ್ತಿದ್ದ ಕೊಳವೆಯನ್ನೂ ಪತ್ತೆಹಚ್ಚಿದರು. ತಪ್ಪು ಇಬ್ಬರದೂ ಇತ್ತು. ನನ್ನ ಸಂಕೋಚಕ್ಕೆ ಮಗಳು ಒಂದು ಚಳಿಗಾಲವನ್ನು ತೆತ್ತಳು. ತಮ್ಮ ಮನೆಗಳಲ್ಲಿ ಹಾಗಾಗದಿರಲಿ. ಇಂದು ಮನೆಗೆ ಹೋದೊಡನೆ ಬೀರುವಿನ ಹಿಂದೆ ಒಮ್ಮೆ ನೋಡಿರಿ.