ವಿಷವನ್ನು ತೊರೆದ ಊರು



ಅಂದಿನ ಆಂಧ್ರಪ್ರದೇಶದ, ಇಂದಿನ ತೆಲಂಗಾಣದ ಪುನುಕುಲ ಸುಮಾರು 200 ಮನೆಗಳ ಗ್ರಾಮ. ಅಲ್ಲಿನ ಹತ್ತಿಯ ರೈತನಿಗೆ ಕೀಟನಾಶಕವನ್ನು ಕಡವಾಗಿ ಕೊಡುತ್ತಿದ್ದವನು ವ್ಯಾಪಾರಿ. ಆ ಸಾಲಕ್ಕೆ ಬೆಳೆಯನ್ನು ಕೊಳ್ಳುತ್ತಿದ್ದವನೂ ಅವನೇ. ಹುಳುವೂ ಅಳಿಯಲಿಲ್ಲ, ಸಾಲವೂ ತೀರಲಿಲ್ಲ.

1999ರಲ್ಲಿ ಕೆಲವರು ಬೇವಿನ ಬೀಜದ ಕಷಾಯವನ್ನೂ ಮೆಣಸಿನಕಾಯಿ-ಬೆಳ್ಳುಳ್ಳಿಯ ರಸವನ್ನೂ ಪ್ರಯೋಗಿಸಿದರು. ಆದರೆ ಒಬ್ಬನು ವಿಷವನ್ನು ಬಿಟ್ಟರೆ ಸಾಲದು. ಹುಳುವನ್ನು ತಿಂದು ಬೆಳೆ ಕಾಯುವ ಜೇಡಾದಿ ಜೀವಿಗಳು ಬದುವಿನ ಗಡಿಯನ್ನು ಅರಿಯವು. ನೆರೆಹೊಲದ ವಿಷಕ್ಕೆ ಅವೂ ಬಲಿಯಾಗುತ್ತವೆ. ಇದನ್ನರಿತು ಮಹಿಳಾ ಸಂಘಗಳೂ ಕೈಜೋಡಿಸಿದವು. 2003ರ ಹೊತ್ತಿಗೆ ಬಹುತೇಕ ರೈತರು ವಿಷವನ್ನು ತೊರೆದರು. ಪಂಚಾಯತಿಯು ಊರನ್ನು ಕೀಟನಾಶಕಮುಕ್ತವೆಂದು ಸಾರಿತು.

ವರ್ತಕಬಂಧುಗಳು ಇದನ್ನು ಮನನ ಮಾಡಬೇಕು. ಕೊಳ್ಳುವವನನ್ನು ಕೆಡಿಸಿ ಗಳಿಸಿದ್ದು ಲಾಭವಲ್ಲ. ರೈತನು ಉಳಿದರೆ ತಾನೆ ಅಂಗಡಿ ಉಳಿಯುವುದು!